ಮಟ್ಟುವಿನ ಪಂಕ್ತಿಯಲ್ಲಿ ‘ಸಾಕು’: ಒಂದು ವಿಭಕ್ತಿ ವಿಚಾರ

ಇಂಗ್ಲಿಷಿನ ‘ನೋ, ಥ್ಯಾಂಕ್ಸ್’ ಸ್ಪ್ಯಾನಿಷ್ ನಾಡಿಗೆ ಹೋಗಿ ‘ನೋ, ಗ್ರಾಸಿಯಾಸ್’ ಆಗುವುದಕ್ಕೆ ಯಾರ ತಕರಾರೂ ಇಲ್ಲ. ಅದೇ ಮಾತನ್ನು ಕಟಪಾಡಿ ಪಕ್ಕದ ಮಟ್ಟುವಿನ ಊಟದ ಪಂಕ್ತಿಗೆ ತರುವ ಕೈಪಿಡಿಕಾರರು ‘ಬೇಡ’, ‘ಸಾಕು’ ಎಂದು ಎರಡು ಶಬ್ದ ಕೊಟ್ಟು ಮುಗಿಸಿದರೆ ಮಾತ್ರ, ಅವರನ್ನು ನಂಬಿದ ಪರದೇಶಿಯ ಎಲೆ ತುಂಬಿ ಹರಿದೀತು. ಪ್ರಸ್ತುತ ಪ್ರಬಂಧದ ವಾದವಿಷ್ಟೆ: ಕರಾವಳಿಯಲ್ಲಿ ‘ಸಾಕು’ ಅವ್ಯಯವಲ್ಲ. ಅದಕ್ಕೆ ವಿಭಕ್ತಿಗಳಿವೆ, ಪ್ರತ್ಯಯ ಹತ್ತುವುದು ಶಬ್ದಕ್ಕಲ್ಲ, ಕೈಗೆ.

ಗುಳ್ಳದ ಹುಳಿ ಬಡಿಸುವ ಹೊತ್ತನ್ನೇ ಸಾಕ್ಷಿಗೆ ಕರೆಯೋಣ. ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯದ ಜೊತೆಗೆ 2011ರ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಹೊತ್ತ ಬದನೆ ಇದು. ಇಂಥದ್ದನ್ನು ಬೇಡವೆನ್ನುವವರು ಉಂಟೇ ಎಂಬುದು ಬಡಿಸುವವರ ಪೂರ್ವಪಕ್ಷ. ಬಾಯಲ್ಲಷ್ಟೇ ಹೇಳಿದ ‘ಸಾಕು’ ಪ್ರಥಮಾ. ಅರ್ಥ, ‘ಇನ್ನೊಂದು ಸೌಟು’. ಎಲೆಗೆ ಅಂಗೈ ಅಡ್ಡ ಹಿಡಿದರೆ ದ್ವಿತೀಯಾ; ‘ಹೋಳು ಮಾತ್ರ ಮಾರಾಯ್ರೆ’ ಎನ್ನುತ್ತ ಬೆರಳ ಸಂದಿಯಲ್ಲೇ ಎರಡು ಹೋಳು ಇಳಿಯುತ್ತವೆ. ಮೈಯನ್ನೇ ಎಲೆಯ ಮೇಲೆ ಬಾಗಿಸಿದರೆ ತೃತೀಯಾ. ಆಗ ಬಾಲ್ದಿ ಪಕ್ಕದ ಎಲೆಗೆ ಸಾಗುತ್ತದೆ, ‘ನೀವು ಎಂಥ ಊಟವೇ ಮಾಡ್ಲಿಲ್ಲ’ ಎಂಬ ದೂರು ದಾಖಲಿಸಿಯೇ. ಚತುರ್ಥಿಯಿಂದ ಮುಂದಿನವು ಪಾಯಸಕ್ಕೆ ಸೇರಿದವು. ಪಾಯಸದೆದುರು ಯಾವ ವ್ಯಾಕರಣವೂ ನಿಲ್ಲದ ಕಾರಣ ಕೈಬಿಟ್ಟಿದೆ.

ಹೋಟೆಲಿನಲ್ಲಿ ಒಂದೇ ‘ಸಾಕು’ ನಡೆಯುತ್ತದಲ್ಲ ಎಂದು ಆಕ್ಷೇಪಿಸಬಹುದು. ನಡೆಯುತ್ತದೆ, ಇಡ್ಲಿಗೆ, ಯಾಕೆಂದರೆ ಅದು ಬಿಲ್ಲಿಗೆ ಹತ್ತುತ್ತದೆ. ದರ ಬಿದ್ದಲ್ಲಿ ವಿಭಕ್ತಿ ಲೋಪವಾಗುವುದು ಸಹಜ. 1942ರಿಂದ ಮುಂಬಯಿಯ ಮಾಟುಂಗದಲ್ಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಊಟವನ್ನೇ ಲಿಮಿಟೆಡ್, ಅನ್‌ಲಿಮಿಟೆಡ್ ಎಂದು ಎರಡು ಮಾಡಿದ್ದು ಈ ಸೂತ್ರಕ್ಕೆ ದೊಡ್ಡ ಆಧಾರ: ಮೊದಲನೆಯದರಲ್ಲಿ ‘ಸಾಕು’ ಎನ್ನುವ ಕೆಲಸ ಮಾಲೀಕರದೇ.

ಇನ್ನು ‘ಧನ್ಯವಾದ’ ಇಲ್ಲವೇ ಎನ್ನುವವರು ಅದನ್ನು ಸಪ್ಲಾಯರ್‌ಗೆ ಹೇಳಿ ನೋಡಲಿ; ಆತ ಮೈಕ್ ಎಲ್ಲಿದೆಯೆಂದು ಹುಡುಕಿಯಾನು. ತುಳುವಿನ ‘ಸೊಲ್ಮೆಲು’ ಕೂಡ ಹೆಚ್ಚಾಗಿ ವೇದಿಕೆಯ ಸೊತ್ತೇ. ಪಂಕ್ತಿಯಲ್ಲಿ ‘ಗ್ರಾಸಿಯಾಸ್’ಗೆ ತೀರಾ ಹತ್ತಿರದ್ದು ‘ಹುಳಿ ಲಾಯ್ಕಾಗಿದೆ’ ಎಂಬ ಮಾತು. ಆದರೆ ಕೈಪಿಡಿಯಲ್ಲಿ ಇದನ್ನು ಎಚ್ಚರಿಕೆಯ ಸಾಲಿಲ್ಲದೆ ಅಚ್ಚು ಹಾಕಕೂಡದು. ಕಿವಿಗೆ ಬಿದ್ದೊಡನೆ ಬಾಲ್ದಿ ತಿರುಗಿ ಬರುತ್ತದೆ, ಪ್ರಥಮಾ ವಿಭಕ್ತಿಯಿಂದ ಪುನಃ ಶುರು. ಕೈ ತೊಳೆದಾದ ಮೇಲೆಯೇ ಹೇಳತಕ್ಕದ್ದು.