ಫ್ಯೂಯಲ್ ಪಂಪೂ ಸಂಜೆ ದೀಪವೂ

ಚಾವಿ ತಿರುಗಿಸಿದೊಡನೆ ಕಾರಿನ ಹಿಂಬದಿಯಿಂದ ಎರಡು ಸೆಕೆಂಡು ‘ಗುಂಯ್’ ಎಂದೊಂದು ಸದ್ದು ಬರುತ್ತದೆ. ಬರುತ್ತಿರುವಷ್ಟು ಕಾಲ ಅದು ಯಾರ ಕಿವಿಗೂ ಬೀಳುವುದಿಲ್ಲ. ನಿಂತ ದಿನ ಮಾತ್ರ ಇಡೀ ಬೀದಿಗೆ ಗೊತ್ತಾಗುತ್ತದೆ. ಸೆಲ್ಫ್ ಹೊಡೆದೂ ಹೊಡೆದೂ ಮಲಗಿದ್ದ ನಾಯಿಗಳೆಲ್ಲ ಎದ್ದು ಕೂರುತ್ತವೆ. ನಮ್ಮ ಕಾರು ನಿಂತದ್ದು ಮನೆಯ ಪೋರ್ಟಿಕೋದಲ್ಲೇ. ಅಷ್ಟರ ಮಟ್ಟಿಗೆ ಅದು ಸಂಭಾವಿತ ಕಾರು.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಫ್ಯೂಸ್ ನೋಡಿದ್ದೇನೆ, ಹಾರ್ನಿನ ರಿಲೇ ಕಿತ್ತು ಪಂಪಿನ ರಿಲೇ ಜಾಗಕ್ಕೆ ಹಾಕಿ ನೋಡಿದ್ದೇನೆ, ತೆಂಗಿನ ಮಟ್ಟೆಯಲ್ಲಿ ಟ್ಯಾಂಕಿನ ತಳಕ್ಕೆ ನಾಲ್ಕು ಬಾರಿಸಿದಾಗ ಒಮ್ಮೆ ಸ್ಟಾರ್ಟ್ ಆಗಿ ಮತ್ತೆ ನಿಂತಿತು, ಆದ್ದರಿಂದ ಪಂಪಿನ ಮೋಟಾರೇ ಹೋಗಿದೆ ಎಂದು ಕ್ರಮವಾಗಿ ವರದಿ ಒಪ್ಪಿಸಿದೆ. ಆ ಕಡೆಯ ಹುಡುಗ ಎಲ್ಲ ಕೇಳಿಸಿಕೊಂಡು, “ಮೇಡಂ, ಮನೇಲಿ ಜೆಂಟ್ಸ್ ಯಾರಾದ್ರೂ ಇದ್ರೆ ಫೋನ್ ಕೊಡಿ” ಎಂದ. ಕೊಟ್ಟೆ. ಮನೆಯ ಜೆಂಟ್ಸ್ ಫೋನು ಹಿಡಿದು, “ಹೌದಾ... ಓಹೋ... ಹೌದಾ” ಎನ್ನುತ್ತ ಕಾರು ಎಳೆದೊಯ್ಯುವ ಖರ್ಚೂ ಸೇರಿ 18,000 ರೂಪಾಯಿಗೆ ತಲೆಯಾಡಿಸತೊಡಗಿದರು. ಫೋನು ಕಿತ್ತುಕೊಂಡು ಕಟ್ ಮಾಡಿದೆ. “ಪಂಪು ನಾನೇ ಹಾಕ್ತೀನಿ” ಎಂಬ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಆಗ. ಹೊರಬಿದ್ದ ಮೇಲೆ ನನಗೇ ಹೆಮ್ಮೆಯೆನಿಸಿತು, ಆಮೇಲೆ ಸ್ವಲ್ಪ ಭಯವೂ ಆಯಿತು.

ನನಗೇನೂ ಪೂರ್ವಾಶ್ರಮವಿಲ್ಲ ಎನ್ನುವಂತಿಲ್ಲ. ಅಪ್ಪನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಅದರ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿರುತ್ತಿತ್ತು. ಒಳಗೊಂದು ರಬ್ಬರಿನ ಪೊರೆ, ಕ್ಯಾಮ್‌ಶಾಫ್ಟ್ ತಳ್ಳಿದಂತೆಲ್ಲ ಮೇಲೆ ಕೆಳಗೆ ಆಡುವುದು, ಅಷ್ಟೇ ಅದರ ಬಾಳು. ಘಟ್ಟ ಹತ್ತುವಾಗ ಎಂಜಿನ್ ಕಾದು ಪಂಪಿನೊಳಗಿನ ಪೆಟ್ರೋಲು ಆವಿಯಾಗಿಬಿಡುತ್ತಿತ್ತು. ಆವಿಯನ್ನು ದೂಡಲು ಆ ಪೊರೆಗೆ ಬಾರದು. ಕಾರು ನಡುದಾರಿಯಲ್ಲಿ ಮುಷ್ಕರ ಹೂಡುತ್ತಿತ್ತು. ಚಾರ್ಮಾಡಿಯ ತಿರುವಿನಲ್ಲಿ ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಕುಡಿಯುವ ನೀರಿನ ಕೂಜಾದಿಂದ ತೊಟ್ಟು ತೊಟ್ಟಾಗಿ ಹನಿಸುವ ಕೆಲಸ ನನ್ನದು. ಹಿಂದೆ ಬರುವ ಅಂಬಾಸಡರಿನವರೂ ಅದನ್ನೇ ಮಾಡುತ್ತ ನಿಂತಿರುತ್ತಿದ್ದರು. ಪಂಪು ತಣ್ಣಗಾಗುವ ಹೊತ್ತಿಗೆ ಎರಡು ಕುಟುಂಬಗಳ ನಡುವೆ ಚಕ್ಕುಲಿಯ ವಿನಿಮಯವಾಗಿ ಜಾತಕದ ಮಾತೂ ಬಂದಿರುತ್ತಿತ್ತು.

ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಪೆಟ್ರೋಲಿನಲ್ಲಿ ಮುಳುಗಿ ಕೂತಿದೆ. ಅದನ್ನು ತಂಪಾಗಿಡುವುದೂ ಆ ಪೆಟ್ರೋಲೇ. ನಮ್ಮವರಿಗೆ ಮಾತ್ರ ರಿಸರ್ವ್ ದೀಪ ಹತ್ತಿಕೊಳ್ಳದೆ ಬಂಕಿಗೆ ಹೋಗುವುದೆಂದರೆ ಹಸಿವಿಲ್ಲದೆ ಊಟಕ್ಕೆ ಕೂತಂತೆ. ಹೋದರೂ ಹಾಕಿಸುವುದು 500 ರೂಪಾಯಿಗೆ. ರೇಟು ಏರಲಿ ಇಳಿಯಲಿ, 500. “ನಂಗೇನು, ನಾನು ಯಾವಾಗ್ಲೂ ಐನೂರಕ್ಕೇ ಹಾಕ್ಸೋದು, ನಂಗೆ ರೇಟು ಏರೇ ಇಲ್ಲ” ಎಂಬ ಹಳೆಯ ಜೋಕನ್ನು ಅವರು ಅರ್ಥಶಾಸ್ತ್ರವೆಂದೇ ನಂಬಿದ್ದಾರೆ. ತಳದಲ್ಲಿ ಅರ್ಧ ಒಣಗಿ ಕಾದು ಕಾದು ಆ ಮೋಟಾರು ಪ್ರಾಣ ಬಿಟ್ಟಿತು. ಕೊಂದವರು ಯಾರೆಂದು ನಾನು ಹೇಳಲಿಲ್ಲ. ದಿನಕ್ಕೆರಡು ಬಾರಿ ಸೂಚಿಸಿದೆ, ಅಷ್ಟೇ.

ಜೆ.ಸಿ. ರೋಡಿನ ಅಂಗಡಿಯಾತ ಹಳೆಯ ಮನುಷ್ಯ, ಜೆಂಟ್ಸನ್ನು ಕೇಳಲಿಲ್ಲ. “ಮೋಟಾರ್ ಮಾತ್ರನಾ, ಪೂರ್ತಿ ಅಸೆಂಬ್ಲಿನಾ? ಒರಿಜಿನಲ್ಲಾ, ಲೋಕಲ್ಲಾ?” ಎಂದು ಮಾತ್ರ ಕೇಳಿದ. ಒರಿಜಿನಲ್ ಮೋಟಾರು, ಜರಡಿ, ಹೊಸ ರಬ್ಬರ್ ರಿಂಗು ತಂದೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಹಿಂದಿನ ಸೀಟು ಎತ್ತಿ ಹೊರಗಿಟ್ಟೆ. ಸೀಟಿನಡಿ ಸಿಕ್ಕಿದ್ದು ಒಂದು ಹೇರ್‌ಪಿನ್ನು, ಮಂತ್ರಾಲಯದ ಮಂತ್ರಾಕ್ಷತೆ ಪೊಟ್ಟಣ, ನಾಲ್ಕಾಣೆ. ಅದರಡಿ ತಗಡಿನ ಮುಚ್ಚಳ, ಮುಚ್ಚಳದಡಿ ಟ್ಯಾಂಕಿನ ಬಾಯಿ. ಬಾಯಿಗೆ ದಪ್ಪ ಪ್ಲಾಸ್ಟಿಕ್ ಲಾಕ್ ರಿಂಗು. ಕಬ್ಬಿಣದ್ದೇನಾದರೂ ಬಡಿದರೆ ಕಿಡಿ ಹಾರೀತೆಂದು ಅಡುಗೆಮನೆಯಿಂದ ಲಟ್ಟಣಿಗೆ ತಂದು ಅದರ ತುದಿಯನ್ನು ರಿಂಗಿನ ಹಲ್ಲಿಗೆ ಕೊಟ್ಟು ಚಪಾತಿ ಮಣೆಯಿಂದ ಬಡಿದೆ. ಮನೆಯ ಬೆಂಕಿಪೊಟ್ಟಣ, ಗ್ಯಾಸ್ ಲೈಟರು ಎಲ್ಲ ಮುಟ್ಟುಗೋಲು. ನಮ್ಮವರು ಟಾರ್ಚನ್ನು ಗೇಟಿನ ಹೊರಗೇ ಹೊತ್ತಿಸಿಕೊಂಡು ಒಳಗೆ ಬರಬೇಕೆಂದು ಆಜ್ಞೆ. ಮೇಲಿನ ಮನೆಯ ರಾಯರು, ನಿವೃತ್ತ ಫಿಸಿಕ್ಸ್ ಮೇಷ್ಟರು, ಬಾಲ್ಕನಿಯಿಂದ ಬಗ್ಗಿ ವೀಕ್ಷಕ ವಿವರಣೆ ಶುರುಮಾಡಿದರು. “ಫೋರ್ಡ್ ಮಾಡೆಲ್ ಟಿಗೆ ಪಂಪೇ ಇರ್ಲಿಲ್ಲ ನೋಡಮ್ಮಾ. ಪೆಟ್ರೋಲು ತಾನಾಗೇ ಇಳೀಬೇಕು. ಟ್ಯಾಂಕಲ್ಲಿ ಕಮ್ಮಿ ಇದ್ರೆ ಗುಡ್ಡಾನ ರಿವರ್ಸಲ್ಲಿ ಹತ್ತೋರು!” ಮಾತು ನಿಜವೇ. ಆದರೆ ಜಗ್ಗದ ರಿಂಗಿನ ಮೇಲೆ ಲಟ್ಟಣಿಗೆ ಹಿಡಿದು ಬಗ್ಗಿರುವವಳಿಗೆ ಅದರಿಂದ ಏನುಪಯೋಗ?

ರಿಂಗು ಬಿಟ್ಟುಕೊಟ್ಟದ್ದು ಆರು ಗಂಟೆ ದಾಟಿದ ಮೇಲೆ. ಪಂಪನ್ನು ಮೇಲೆತ್ತುತ್ತಿದ್ದೇನೆ, ಮುಳ್ಳಿನ ಫ್ಲೋಟು ಬಾಗದಂತೆ ಓರೆ ಮಾಡಿ, ಉಸಿರು ಹಿಡಿದು. ಆಗ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಕೈಯಲ್ಲಿ ಹೊತ್ತಿಸಿದ ದೀಪ.

ದೇವರ ಮನೆಯ ಬೆಂಕಿಪೊಟ್ಟಣ ನನ್ನ ಮುಟ್ಟುಗೋಲಿಗೆ ಸಿಕ್ಕಿರಲಿಲ್ಲ. ತುಳಸಿಕಟ್ಟೆ ಇರುವುದು ಕಾರಿನ ಮೂತಿಯಿಂದ ನಾಲ್ಕು ಹೆಜ್ಜೆಗೆ.

“ಅತ್ತೇ, ಅಲ್ಲೇ ನಿಲ್ಲಿ!”

“ಯಾಕೇ?”

“ಪೆಟ್ರೋಲು ತೆರೆದಿದೆ!”

“ಮುಚ್ಚು ಮತ್ತೆ. ಗೋಧೂಳಿ ಹೊತ್ತು ನಿನ್ನ ಪಂಪಿಗೆ ಕಾಯತ್ತಾ?”

ನಮ್ಮವರು ಟಾರ್ಚು ಹಿಡಿದವರು ಹಿಡಿದಂತೆಯೇ ಗೇಟಿನತ್ತ ಜಾರಿದರು. ಪೆಟ್ರೋಲು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿದ್ದರೂ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ ಎಂದೆ. “ಬೆಂಗಳೂರಲ್ಲಿ ಅಷ್ಟು ಚಳಿ ಎಲ್ಲಿದೆ?” ಎಂದರು ಅತ್ತೆ. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ ಎಂದೆ. “ದೇವರೂ ಕಾಣಲ್ಲ” ಎಂದರು. ಅಷ್ಟರಲ್ಲಿ ಅವರ ದೃಷ್ಟಿ ನನ್ನ ಕೈಯಲ್ಲಿ ತೊಟ್ಟಿಕ್ಕುತ್ತಿದ್ದ ಪಂಪಿನ ಮೇಲೆ, ಅದರಿಂದ ಜೋತ ವೈರುಗಳ ಮೇಲೆ ಬಿತ್ತು.

“ಇದೇನು, ಕರೆಂಟಿನ ಮೋಟಾರಾ?”

“ಹೂಂ.”

“ಪೆಟ್ರೋಲಿನ ಒಳಗಿತ್ತಾ?”

“...ಹೂಂ.”

“ಕಂಪನಿಯವರು ಪೆಟ್ರೋಲೊಳಗೇ ಕರೆಂಟು ಇಡಬಹುದು. ನಾನು ನಾಲ್ಕು ಹೆಜ್ಜೆ ಆಚೆ ಒಂದು ಬತ್ತಿ ಇಡಬಾರದು. ಚೆನ್ನಾಗಿದೆ ನಿಮ್ಮ ನ್ಯಾಯ.”

ನಲವತ್ತು ವರ್ಷ ಪಾಠ ಮಾಡಿದ ರಾಯರೂ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಬಾಲ್ಕನಿಯೇ ತರಗತಿಯಾಯಿತು. ಬೆಂಕಿಗೆ ಗಾಳಿ ಬೇಕು; ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಇದ್ದರೆ ಮಾತ್ರ ಹೊತ್ತಿಕೊಳ್ಳುವುದು; ಟ್ಯಾಂಕಿನೊಳಗೆ ಆವಿ ಅದಕ್ಕಿಂತ ಎಷ್ಟೋ ದಟ್ಟ, ಪಂಪಿನೊಳಗೆ ಗಾಳಿಯೇ ಇಲ್ಲ, ಆದ್ದರಿಂದ ಅಲ್ಲಿ ಕಿಡಿ ಹಾರಿದರೂ ಏನೂ ಆಗದು; ಹೊರಗೆ ಬಂದು ಗಾಳಿಯೊಡನೆ ಬೆರೆತಾಗಲೇ ಅಪಾಯ. ಅತ್ತೆ ದೀಪಕ್ಕೆ ಸೆರಗು ಮರೆಮಾಡಿಕೊಂಡು ಪೂರ್ತಿ ಕೇಳಿದರು. ಎಣ್ಣೆ ಅರ್ಧ ಬೆರಳು ಇಳಿಯಿತು. ನನ್ನ ತೋಳು ಮರಗಟ್ಟಿತು, ಪಂಪು ಗಾಳಿಯಲ್ಲೇ ನೇತಾಡಿತು. ನಮ್ಮವರು ಗೇಟಿನಾಚೆಯಿಂದ “ಸೀರಿಯಲ್ ಸೆಟ್ ಹಾಕಿದ್ರಾಗಲ್ವಾ ಅಮ್ಮಾ?” ಎಂದು ಸಂಧಾನ ಸೂತ್ರ ಮುಂದಿಟ್ಟರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

“ಆವಿ ಗಾಳಿಗಿಂತ ಭಾರ, ಅತ್ತೆ” ಎಂದೆ. “ಮೇಲಕ್ಕೆ ಹೋಗಲ್ಲ. ನೆಲ ಹಿಡಿದು ಹರೀತಾ ಹೋಗತ್ತೆ. ಎಲ್ಲೋ ದೂರ ಇರೋ ಬೆಂಕೀನ ಹುಡುಕಿಕೊಂಡು ಹೋಗಿ, ಅಲ್ಲಿಂದ ವಾಪಸ್ ಇಲ್ಲಿಗೆ ತರತ್ತೆ.”

ಅತ್ತೆ ಸುಮ್ಮನಾದರು. ಒಳಗೆ ಹಿಂದಿರುಗಿ, ಹೂವಿನ ಎಸಳಿಂದ ದೀಪ ಶಾಂತ ಮಾಡಿ, ಬರಿಗೈಯಲ್ಲಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

“ನಮ್ಮ ದೊಡ್ಡಪ್ಪನ ಮಗಳು ಹಂಗೇ ಹೋದ್ಲು. ಸ್ಟೋವ್ ಸಿಡೀತು ಅಂದ್ರು. ಸೀಮೆಎಣ್ಣೆ ಚೆಲ್ಲಿತ್ತು, ಅವಳು ನೋಡ್ಲಿಲ್ಲ ಅಂದ್ರು. ಆ ಮನೇಲಿ ಅತ್ತೇನೂ ಅದೇ ಸ್ಟೋವಲ್ಲಿ ಅಡುಗೆ ಮಾಡ್ತಿದ್ರು. ಅವರಿಗೆ ಯಾವತ್ತೂ ಸಿಡೀಲಿಲ್ಲ.”

ವರದಕ್ಷಿಣೆ ಸಾವಿಗೆಂದೇ 304ಬಿ ಕಲಮು ಬಂದದ್ದು 1986ರಲ್ಲಿ. ಆ ಹುಡುಗಿ ಹೋದದ್ದು ಅದಕ್ಕೂ ಮೊದಲು. ರಾಯರು ಕೆಮ್ಮಿದರು. ನಮ್ಮವರು ಗೇಟು ತೆರೆದು ಒಳಗೆ ಬಂದು ಅಮ್ಮನ ಪಕ್ಕ ನಿಂತರು. ಪಂಪಿನಿಂದ ಒಂದು ಹನಿ ನನ್ನ ಸೀರೆ ನೆರಿಗೆಯ ಮೇಲೆ ಬಿತ್ತು.

“ಸರಿ,” ಅತ್ತೆಯೇ ಎದ್ದರು. “ಆವಿ ಮೇಲಕ್ಕೆ ಬರಲ್ಲ ಅಂದ್ಯಲ್ಲ? ರಾಯರೇ, ನಿಮ್ಮ ಬಾಲ್ಕನೀಲಿ ತುಳಸಿ ಕುಂಡ ಇದೆಯಲ್ಲವಾ?”

ಇತ್ತು. ಫಿಸಿಕ್ಸೂ ಧರ್ಮಶಾಸ್ತ್ರವೂ ಒಪ್ಪುವ ಏಕೈಕ ಜಾಗ ಅದೇ. ಅತ್ತೆ ಹಣತೆ, ಬತ್ತಿ, ಎಣ್ಣೆ, ಅಡಗಿಸಿಟ್ಟ ಬೆಂಕಿಪೊಟ್ಟಣ ಸಮೇತ ಮೆಟ್ಟಿಲು ಹತ್ತಿದರು. ಐದೇ ನಿಮಿಷಕ್ಕೆ ಮೇಲಿಂದ ದನಿ ಕೇಳಿಸಿತು: “ಇದೇನ್ರೀ ರಾಯರೇ, ತುಳಸಿ ಒಣಗಿ ಕಡ್ಡಿಯಾಗಿದೆ! ನೀರು ಹಾಕಿ ಎಷ್ಟು ದಿನ ಆಯ್ತು? ಮೇಷ್ಟರಾಗಿದ್ದೋರು ನೀವು!” ಮಾಡೆಲ್ ಟಿ ವಿಷಯ ಆಮೇಲೆ ಬರಲಿಲ್ಲ.

ಉಳಿದದ್ದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಳೆಯ ಜರಡಿ ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಹೊಸದು ಹಾಕಿ, ಮೋಟಾರು ಕೂರಿಸಿ, ರಬ್ಬರ್ ರಿಂಗು ಮಡಚಿಕೊಳ್ಳದಂತೆ ಬೆರಳಲ್ಲಿ ಒತ್ತಿ, ಲಟ್ಟಣಿಗೆಯಿಂದ ಲಾಕ್ ಬಿಗಿದೆ. ವಾಸನೆ ಪೂರ್ತಿ ಹೋಗುವತನಕ ಎಲ್ಲ ಬಾಗಿಲು ತೆರೆದಿಟ್ಟು, ಬ್ಯಾಟರಿ ಜೋಡಿಸಿ ಚಾವಿ ತಿರುಗಿಸಿದೆ. ಗುಂಯ್. ಪೈಪೆಲ್ಲ ತುಂಬಲೆಂದು ಇನ್ನೆರಡು ಸಲ ಗುಂಯ್ ಎನಿಸಿ ಸೆಲ್ಫ್ ಹೊಡೆದೆ. ಎದ್ದಿತು.

ನೇರ ಬಂಕಿಗೆ. ಮುಂದೆ ನಾನೂ ನಮ್ಮವರೂ, ಹಿಂದೆ ಅತ್ತೆ. ಹುಡುಗ ಪೈಪು ಹಿಡಿದು “ಎಷ್ಟಕ್ಕೆ?” ಎಂದ.

“ಫುಲ್” ಎಂದೆ ನಾನು.

“ಐನೂರು” ಎಂದರು ನಮ್ಮವರು, ಅದೇ ಉಸಿರಿಗೆ.

ಹುಡುಗ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಆಮೇಲೆ ಕಿಟಕಿಯಲ್ಲಿ ಬಗ್ಗಿ, “ಸಾರ್, ನೀವೇ ಹೇಳಿ” ಎಂದ.

“ಅವರನ್ನೇನು ಕೇಳ್ತೀಯಪ್ಪಾ?” ಹಿಂದಿನಿಂದ ಅತ್ತೆ. “ಪಂಪು ಹಾಕಿದ್ದು ಅವಳು.”