ಅಧ್ಯಕ್ಷರ ಟರ್ಫ್

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ನಿವಾಸಿಗಳ ಸಂಘದ ಅಧ್ಯಕ್ಷರೊಬ್ಬರು ಸಿಕ್ಕೇ ಸಿಗುತ್ತಾರೆ. ಸರ್ಕಾರಿ ನೌಕರಿಯಿಂದ ನಿವೃತ್ತಿ, ಕಾಲಿಗೆ ಬಿಳಿ ಶೂ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಖಾಲಿ ಜಾಗ ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ. ನಮ್ಮ ಅಧ್ಯಕ್ಷರು ಓಡಾಡಿ ಪಾರ್ಕಿಗೆ ಸಂಗೀತ ಕಾರಂಜಿ ತಂದರು. ಈಗ ಅಲ್ಲಿ ಸಂಗೀತವೆಲ್ಲ ಸೊಳ್ಳೆಗಳದ್ದು. ಓಪನ್ ಜಿಮ್ ತಂದರು. ಮಾಲಿಯ ಮನೆಯವರಿಗೆ ಬಟ್ಟೆ ಒಣಹಾಕಲು ಅನುಕೂಲವಾಯಿತು. ‘ಪಾರ್ಕಿನಲ್ಲಿ ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಹಸಿರು ಬೋರ್ಡೂ ಅವರದೇ ಕೊಡುಗೆ. ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡಿದ್ದ ಹುಡುಗರ ಚೆಂಡನ್ನು ಅವರು ಖುದ್ದು ಜಪ್ತಿ ಮಾಡಿದ್ದುಂಟು.

2022ರ ಡಿಸೆಂಬರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿತಲ್ಲ, ಆ ರಾತ್ರಿ ಮೆಸ್ಸಿ ಕಪ್ ಎತ್ತಿದರು. ಮಾರನೆಯ ಬೆಳಗ್ಗೆ ಅಧ್ಯಕ್ಷರು ಟೇಪು ಎತ್ತಿದರು. ಒಂದು ತುದಿ ಮಾಲಿಯ ಕೈಯಲ್ಲಿ, ಇನ್ನೊಂದು ಇವರ ಕೈಯಲ್ಲಿ.

“ಸಮುದಾಯ ಫುಟ್‌ಬಾಲ್ ಕಾಂಪ್ಲೆಕ್ಸ್ ಸಾರ್! ಯುವಜನತೆಗೆ!”

ಅಂತಾರಾಷ್ಟ್ರೀಯ ಪಂದ್ಯಗಳ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. ಹತ್ತಿರ ಹತ್ತಿರ 1 ಎಕರೆ 30 ಗುಂಟೆ. ನಮ್ಮ ಪಾರ್ಕು ಕಾರಂಜಿ, ಗಣಪತಿ ಗುಡಿ ಎಲ್ಲ ಸೇರಿ ಅರ್ಧ ಎಕರೆ. ಇದನ್ನು ಹೇಳಿದರೆ ಅಧ್ಯಕ್ಷರು ಅಳುಕಲಿಲ್ಲ. “ಐದೈದು ಜನದ ಆಟ ಮಾಡೋಣ. ಪ್ಲಾಸ್ಟಿಕ್ ಹುಲ್ಲು, ಸುತ್ತ ನೆಟ್ಟು, ಮೇಲೆ ಫ್ಲಡ್‌ಲೈಟು.”

“ಹೊಂಗೆ ಮರ?”

“ಕಡಿಯೋ ಮಾತೇ ಇಲ್ಲ. ಸ್ಥಳಾಂತರ.”

ಬೆಂಗಳೂರಿನಲ್ಲಿ ಸ್ಥಳಾಂತರವಾದ ಮರಗಳು ಎಲ್ಲಿಗೆ ಹೋಗುತ್ತವೆಂದು ಮರಗಳೇ ಹೇಳಬೇಕು.

ದಿನವೂ ವಾಕಿಂಗ್ ಬರುವ ಸರೋಜಮ್ಮನವರು, “ನಾವೆಲ್ಲಿ ನಡೀಬೇಕಪ್ಪಾ?” ಎಂದರು. “ನೆಟ್ಟಿನ ಸುತ್ತ ಮೂರಡಿ ಬಿಡ್ತೀವಮ್ಮಾ. ನಡೀತಾ ಮ್ಯಾಚೂ ನೋಡಬಹುದು.” ಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲು ಕಾದ ಕಾವಲಿಯಾಗುತ್ತದೆಂದು ಯಾರೋ ಎಂದರೆ, ಫೈಲಿನ ಅಂಚಿನಲ್ಲಿ ‘ಬೋರ್‌ವೆಲ್’ ಎಂದು ಬರೆದುಕೊಂಡರು.

ನಮ್ಮ ವಕೀಲರು ಕಾನೂನು ತೆಗೆದರು. ಪಾರ್ಕು, ಆಟದ ಮೈದಾನಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆಯಲ್ಲ? “ನೋಡಿ, ಕಾಯ್ದೆಯ ಹೆಸರಲ್ಲೇ ಪಾರ್ಕು ಮೈದಾನ ಎರಡೂ ಒಟ್ಟಿಗಿವೆ!” ಎಂದರು ಅಧ್ಯಕ್ಷರು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲವಲ್ಲ? “ಅದು ಆಸ್ಪತ್ರೆ ಸ್ವಾಮಿ, ಇದು ಆರೋಗ್ಯ!”

ಕಡೆಗೆ ನಾನೂ ಒಂದು ಮಾತು ಹೇಳಿ ನೋಡಿದೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ. ಆ ಕೇರಿಯ ಹುಡುಗರು ಆಟ ಕಲಿತದ್ದು ಕಾಂಪ್ಲೆಕ್ಸ್ ನಂಬಿಕೊಂಡಲ್ಲ, ಬೈಯುವವರಿಲ್ಲದ ಒಂದಿಷ್ಟು ಬಯಲು ಸಿಕ್ಕಿದ್ದಕ್ಕೆ ಎಂದೆ. ಅಧ್ಯಕ್ಷರ ಕಣ್ಣು ಅರಳಿತು. “ಪ್ರತಿಮೆ! ಒಳ್ಳೇ ಐಡಿಯಾ ಸಾರ್,” ಎಂದು ಅದನ್ನೂ ಎಸ್ಟಿಮೇಟಿಗೆ ಸೇರಿಸಿದರು.

ಅಧ್ಯಕ್ಷರು ಕೆಟ್ಟವರೆಂದು ಯಾರೂ ತಿಳಿಯಬಾರದು. ನಲ್ಲಿಯಲ್ಲಿ ನೀರು ನಿಂತರೆ ಮೊದಲು ಫೋನ್ ಮಾಡುವವರು ಅವರೇ. ಕಾಸು ಹೊಡೆಯುವವರೂ ಅಲ್ಲ. ಅವರಿಗೆ ಬೇಕಾದದ್ದು ಗುದ್ದಲಿ ಪೂಜೆ, ಶಾಲು, ಕಲ್ಲಿನ ಮೇಲೆ ಎಮ್ಮೆಲ್ಲೆ ಹೆಸರಿನ ಕೆಳಗೆ ತಮ್ಮದೊಂದು ಹೆಸರು. ಚೆಂಡನ್ನು ಮಾತ್ರ ಅವರು ಜನ್ಮದಲ್ಲಿ ಒದ್ದವರಲ್ಲ.

ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. “ಅಂಕಲ್, ಗಂಟೆಗೆ ಎಷ್ಟು?”

“ನಿರ್ವಹಣೆಗೆ ಏನೋ ಸ್ವಲ್ಪ...” ಎಂದರು ಅಧ್ಯಕ್ಷರು.

“ಬೋರ್ಡ್ ತೆಗೆದರೆ ಸಾಕು ಅಂಕಲ್. ನಮ್ಮ ಚಪ್ಪಲಿ ನಾವೇ ತರ್ತೀವಿ.”

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕು, ವಿಷಯವನ್ನು ಉಪಸಮಿತಿಗೆ ಒಪ್ಪಿಸಿದರು. ಬೋರ್ಡು ಇನ್ನೂ ಇದೆ. ನಿಮ್ಮ ಬಡಾವಣೆಯ ಅಧ್ಯಕ್ಷರೂ ನಾಳೆ ಟೇಪು ಹಿಡಿದು ಬಂದಾರು. ಪ್ಲಾನು ಆಮೇಲೆ ನೋಡಿ, ಆ ಹುಡುಗ ಕೇಳಿದ್ದನ್ನು ಮೊದಲು ಕೇಳಿ.