ಶರ್ಕರಾನಿದ್ರಾ ಮೀಮಾಂಸೆ

ನಿದ್ರೆಯೆಂಬುದು ರಾಜನಿಗೂ ರಂಕನಿಗೂ ಬಿಟ್ಟಿಯಾಗಿ ದೊರೆಯತಕ್ಕ ಪದಾರ್ಥವೆಂದು ಪೂರ್ವಾಚಾರ್ಯರು ನಂಬಿದ್ದರಾದರೂ, ಅಮೆರಿಕಾ ಸಂಯುಕ್ತ ಸಂಸ್ಥಾನದ ಔಷಧದಂಗಡಿಗಳಲ್ಲಿ ಅದು ಕರಡಿಮರಿಯ ಆಕಾರವನ್ನೋ ಹಣ್ಣಿನ ಆಕಾರವನ್ನೋ ತಾಳಿ, ಗಮ್ಮಿಯೆಂಬ ಅಭಿಧಾನದಿಂದ ಡಬ್ಬಿಗಟ್ಟಲೆ ವಿಕ್ರಯವಾಗುತ್ತಿರಲು, ಅದರ ಸ್ವರೂಪವನ್ನು ಶಾಸ್ತ್ರೋಕ್ತವಾಗಿ ವಿಮರ್ಶಿಸದಿರುವುದು ವಿದ್ವತ್ಕುಲಕ್ಕೆ ಒಪ್ಪತಕ್ಕುದಲ್ಲ.

1958ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಆರನ್ ಲರ್ನರ್ ಎಂಬ ಚರ್ಮವೈದ್ಯರು ಗೋವುಗಳ ಪೀನಿಯಲ್ ಗ್ರಂಥಿಯಿಂದ, ಈ ಗಮ್ಮಿಗಳಲ್ಲಿ ನಿದ್ರೆಗೆಂದು ಬೆರೆಸುವ ಮೆಲಟೋನಿನ್ನೆಂಬ ಹಾರ್ಮೋನನ್ನು ಬೇರ್ಪಡಿಸಿದರು. 1994ರ ಅಮೆರಿಕಾ ಶಾಸನವೊಂದು ಅದಕ್ಕೆ ಆಹಾರಪೂರಕಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಟ್ಟಿತು. ಪಂಕ್ತಿಯಲ್ಲಿ ಕುಳಿತ ಮೇಲೆ ಸಿಹಿ ಬಡಿಸದಿರಲಾದೀತೆ?

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನುವನು: ನೀರು ಬೇಡ, ಲೋಟ ಬೇಡ, ಗುಳಿಗೆಯು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ, ಹೊದ್ದ ಕಂಬಳಿಯನ್ನು ಸರಿಸದೆಯೇ ಅಗಿದು ನುಂಗಬಹುದು, ಆಯುರ್ವೇದದಲ್ಲಿ ಜೇನು ತುಪ್ಪಗಳು ಅನುಪಾನವಾಗಿರುವಂತೆ ಇಲ್ಲಿ ಸಕ್ಕರೆಯೂ ಅನುಪಾನವೆಂದೇ ತಿಳಿಯತಕ್ಕದ್ದು. ವಾದವೇನೋ ಸೊಗಸಾಗಿದೆ. ಆದರೆ ಮೂರು ಮಿಲಿಗ್ರಾಂ ಮೆಲಟೋನಿನ್ನಿಗೆ ಮೂರು ಗ್ರಾಂ ಸಕ್ಕರೆಯೆಂದು ಕೆಲವು ಡಬ್ಬಿಗಳ ಬೆನ್ನಮೇಲೆಯೇ ಬರೆದಿರುವಾಗ, ಔಷಧಕ್ಕೆ ಸಾವಿರ ಮಡಿ ಮಿಗಿಲಾದ ಅನುಪಾನವನ್ನು ಯಾವ ವೈದ್ಯನು ಕಂಡಿದ್ದಾನೆ? ಸಕ್ಕರೆಯೇ ಪ್ರಧಾನವಾದ ಅಂಗಿ, ನಿದ್ರೆಯು ಅದರ ಅಂಗ.

ಇನ್ನು ಪ್ರಮಾಣವಿಚಾರ. 2023ರಲ್ಲಿ ಅಮೆರಿಕಾ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 25 ಬಗೆಯ ಗಮ್ಮಿಗಳ ಪೈಕಿ 22ರ ಮೇಲಿನ ಬರಹವು ಒಳಗಿನ ವಸ್ತುವಿಗೆ ತಾಳೆಯಾಗಲಿಲ್ಲ. ಒಂದರಲ್ಲಂತೂ ಮೆಲಟೋನಿನ್ನಿನ ಸುಳಿವೇ ಇರಲಿಲ್ಲ. ಉಳಿದವುಗಳಲ್ಲಿ ಅದು ಹೇಳಿದ್ದರ ಶೇಕಡ 74ರಿಂದ 347ರವರೆಗೆ ಓಲಾಡುತ್ತಿತ್ತು. ಆದುದರಿಂದ ಮೆಲಟೋನಿನ್ನು ಕೇವಲ ಶಬ್ದಪ್ರಮಾಣದಿಂದ, ಅದೂ ಆಪ್ತನಲ್ಲದವನ ಶಬ್ದದಿಂದ, ಊಹ್ಯವಾದುದು. ಸಕ್ಕರೆಯಾದರೋ ನಾಲಗೆಗೆ ಪ್ರತ್ಯಕ್ಷಸಿದ್ಧ.

ಮೂರು ಗ್ರಾಂ ಎಂದರೆ ಒಂದು ಟೀ ಚಮಚವೂ ತುಂಬದು, ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಇಪ್ಪತ್ತೈದರಷ್ಟಕ್ಕೆ ನಿಲ್ಲಿಸಿದರೆ ಲೇಸೆಂದಿದೆ, ಅಷ್ಟಕ್ಕೆ ಲೋಕವೇನೂ ಮುಳುಗದೆಂಬುದನ್ನು ನಾನೂ ಬಲ್ಲೆ. ಮುಳುಗುವುದು ಹಲ್ಲು. ನಿದ್ರಾಕಾಲದಲ್ಲಿ ಲಾಲಾರಸವು ಬತ್ತುವುದರಿಂದ, ಅಂಟಾದ ಗಮ್ಮಿಯ ಶೇಷವು ದವಡೆಯ ಸಂದುಗಳಲ್ಲಿ ನಿರಾತಂಕವಾಗಿ ಬೆಳಗು ಮಾಡುವುದು. ತಿಂದು ಹಲ್ಲುಜ್ಜೋಣವೆಂದರೆ ಹಾಸಿಗೆಯಿಂದ ಏಳಬೇಕು. ಆಗ ಸೌಕರ್ಯವೆಲ್ಲಿ ಉಳಿಯಿತು?

ವಸ್ತುತಃ ಸೌಕರ್ಯವನ್ನೂ ಸಕ್ಕರೆಯನ್ನೂ ತಕ್ಕಡಿಯಲ್ಲಿಟ್ಟು ತೂಗಲು ಹೊರಟವರು ಎರಡು ತಟ್ಟೆಗಳಲ್ಲಿಯೂ ಒಂದೇ ಸರಕನ್ನು ಇರಿಸಿದ್ದಾರೆ. ಸಿಹಿಯಾದುದರಿಂದಲೇ ಅದು ಸುಲಭ. ಆ ಸೌಲಭ್ಯದ ಮಹಿಮೆಯನ್ನು ಮಕ್ಕಳೂ ಅರಿತಿರುವರು: ಗಮ್ಮಿ, ಗುಳಿಗೆಗಳೆನ್ನದೆ ಮಕ್ಕಳು ಮೆಲಟೋನಿನ್ ನುಂಗಿದರೆಂದು ಅಮೆರಿಕಾದ ವಿಷಪರಿಹಾರ ಕೇಂದ್ರಗಳಿಗೆ 2012ರಲ್ಲಿ 8,337 ವರದಿಗಳು ಬಂದಿದ್ದರೆ, 2021ರಲ್ಲಿ 52,563 ಬಂದವು.

ಹಲ್ಲಿನ ಬಾಧೆಗೆ ಪರಿಹಾರವಾಗಿ ನವ್ಯ ಸಂಪ್ರದಾಯದವರು ಸಕ್ಕರೆಯನ್ನು ತೊರೆದು ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಮಧುರದ್ರವ್ಯಗಳನ್ನು ಪ್ರತಿಷ್ಠಾಪಿಸಿದ್ದಾರೆ. ಇವು ಹಲ್ಲಿಗೆ ನಿರಪಾಯ. ಆದರೆ ಮಿತಿಮೀರಿದರೆ ವಿರೇಚಕ. ಇವನ್ನು ರುಚಿಗೆ ಸೋತು ಮುಷ್ಟಿತುಂಬ ಸೇವಿಸಿದ ಸಾಧಕನು ನಡುರಾತ್ರಿ ಕಂಬಳಿಯನ್ನು ಸರಿಸಿ ಎಲ್ಲಿಗೆ ಧಾವಿಸುವನೆಂಬುದನ್ನು ಮುಂದಿನ ಸಂಪುಟದಲ್ಲಿ ಸವಿಸ್ತಾರವಾಗಿ ನಿರೂಪಿಸಲಾಗುವುದು.